ಒದ್ದೆ ರಸ್ತೆಯಲ್ಲಿ ಬೇಗ ನಿಲ್ಲುವ ಟೈರು

ಪುಟ್ಟೀ,

ಬೆಳಗ್ಗೆಯೇ ಬಸ್ಸು ತೆಗೆಯಬೇಕು, ಬರುವುದು ರಾತ್ರಿಯೇ. ಹೊರಟೆ.

ಟೈರಿನ ವಿಷಯ ಮುಗಿಸಿದ್ದೇನೆ. ಮೂರು ವಾರದಿಂದ ಕಾರಿನ ಕೀಲಿ ಮುಟ್ಟದೆ, "ಇದು ತಿರುವಲ್ಲಿ ಚೆನ್ನಾಗಿ ಹಿಡಿಯುತ್ತೆ, ಅದು ಒದ್ದೇಲಿ ಬೇಗ ನಿಲ್ಲುತ್ತೆ" ಅಂತ ಅಳೆದೂ ಸುರಿದೂ ಕೂತಿದ್ದೀಯ. ಕೇಳಿ ಕೇಳಿ ಸಾಕಾಗಿದೆ. ಎರಡೂ ನಮ್ಮ ರಸ್ತೆಗೆ ಹೊಂದುವಂಥವು, ಎರಡೂ ದುಬಾರಿ, ಎರಡೂ ಒಳ್ಳೆಯವೇ. ಒದ್ದೆಯಲ್ಲಿ ಬೇಗ ನಿಲ್ಲುವುದನ್ನೇ ಹಾಕಲು ಹೇಳಿದ್ದೇನೆ. ಕಾರು ಟೈರಂಗಡಿಯಲ್ಲಿದೆ. ನಾಲ್ಕಕ್ಕೆ ನೀನೇ ಹೋಗಿ ತರಬೇಕು.

ನಿನ್ನೆ ಅಂಗಡಿಯವನು ಹಳೆಯ ಟೈರಿನ ಮೇಲೆ ಕೈಯಾಡಿಸಿ, "ಏನ್ ಡ್ರೈವರ್ರೇ, ಬಸ್ ಓಡಿಸೋ ನಿಮಗೇ ಇದು ಸವೆದಿದ್ದು ಕಾಣ್ಲಿಲ್ವಾ?" ಅಂದ.

ಕಂಡಿತ್ತು ಪುಟ್ಟೀ. ಇನ್ನೊಂದು ತಿಂಗಳು ಓಡಲಿ ಅಂತ ನಾನೇ ಬಿಟ್ಟಿದ್ದೆ. ಮಳೆಯಲ್ಲಿ ನೀನು ಓಡಿಸುತ್ತಿದ್ದ ಕಾರು ಜಾರಿ ಅಮ್ಮನ ಭುಜ ಮುರಿದ ದಿನ, "ನನ್ನಿಂದಲೇ ಆಯ್ತಪ್ಪ" ಅಂತ ನೀನು ಅಳುತ್ತಿದ್ದಾಗಲೂ ಬಾಯಿ ಬಿಡಲಿಲ್ಲ. ತಪ್ಪು ನನ್ನದು. ನಿನ್ನೆ ಅಮ್ಮನಿಗೂ ಹೇಳಿದೆ.

ಐದಕ್ಕೆ ಅವಳನ್ನು ಭುಜದ ವ್ಯಾಯಾಮಕ್ಕೆ ಕರೆದೊಯ್ಯಬೇಕು. ನಾನು ರಜೆ ಹಾಕುತ್ತೇನೆ ಅಂದೆ. "ಬೇಡ, ಅವಳೇ ಓಡಿಸ್ಲಿ. ನಾನು ಮುಂದಿನ ಸೀಟಲ್ಲೇ ಕೂರ್ತೀನಿ" ಅಂದಿದ್ದಾಳೆ.

ಅಪ್ಪ