ತೂಬಿನ ಹುಸೇನಣ್ಣ

ಕಗ್ಗಲಕೆರೆ, ಶಿರಾ ತಾಲ್ಲೂಕು
30 ಅಕ್ಟೋಬರ್ 2022

ಪ್ರೀತಿಯ ಮಂಗಳಗೌರಿಗೆ ನಿನ್ನ ಅಫ್ಜಲುನ್ನೀಸಾಳ ಸಲಾಮು, ನಮಸ್ಕಾರ ಎರಡೂ.

ಪಾವಗಡದಲ್ಲಿ ಮಗಳು, ಮೊಮ್ಮಗು ಕ್ಷೇಮ ತಾನೆ? ಬಾಣಂತಿಗೆ ಬೆಳ್ಳುಳ್ಳಿ ಸಾರು ತಪ್ಪಿಸಬೇಡ. ಮಗು ಹುಟ್ಟಿದ ಸುದ್ದಿ ಬಂದ ದಿನವೇ ಬರೆಯಬೇಕಿತ್ತು, ಕಡಲೆಕಾಯಿ ಬಿಡಿಸುವ ಕೂಲಿಗೆ ಹೋಗಿ ಬೆರಳೆಲ್ಲ ಒಡೆದುಕೊಂಡು ಕೂತಿದ್ದೆ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ. ನನಗೀಗ ಅಳುವುದಕ್ಕೆ ಇಷ್ಟವಿಲ್ಲ.

ನಮ್ಮೂರ ಕೆರೆ ತುಂಬಿತು ಮಂಗಳಿ! ಕೋಡಿ ಬಿದ್ದು ನೀರು ರಸ್ತೆ ದಾಟಿ ಹರಿಯುತ್ತಿದೆ. ನಿನ್ನ ಮಗ ಯೋಗೀಶ ಆ ನೀರಿನಲ್ಲಿ ಹೊಸ ಬೈಕು ತೊಳೆದು ಹಿರಿಯರಿಂದೆಲ್ಲ ಬೈಸಿಕೊಂಡ. ಕೆರೆ ಸಮಿತಿಯ ಅಧ್ಯಕ್ಷನಾಗಿದ್ದಾನಲ್ಲ ಚೌಡಯ್ಯ, ಅವನು ಏರಿಯ ಮೇಲೆ 'ನಮ್ಮೂರ ಚರಿತ್ರೆ' ಎಂದು ದೊಡ್ಡ ಕಲ್ಲು ನಿಲ್ಲಿಸಿದ್ದಾನೆ. ಊರು ಕಟ್ಟಿದವರು, ಏರಿ ಹಾಕಿಸಿದವರು, ಮಣ್ಣು ಹೊತ್ತವರು ಎಲ್ಲರ ಹೆಸರೂ ಇದೆ. ನಮ್ಮ ತಾತನದು ಮಾತ್ರ ಇಲ್ಲ.

ತಾತ ಹುಸೇನ್ ಸಾಬ್ ಕಲ್ಲಿನ ತೂಬು ಕೂರಿಸದಿದ್ದರೆ ಆ ಕೆರೆಯಲ್ಲಿ ನೀರು ನಿಲ್ಲುತ್ತಿತ್ತೇ? ಇಟ್ಟ ತೂಬೆಲ್ಲ ಸೋರಿ ಊರವರು ತಲೆ ಮೇಲೆ ಕೈಹೊತ್ತು ಕೂತಾಗ ಶಿರಾದಿಂದ ಅವರನ್ನು ಕರೆತಂದರು. ಕೊಡುವುದಕ್ಕೆ ಊರಲ್ಲಿ ಏನೂ ಇರಲಿಲ್ಲ. "ಕೂಲಿ ಬ್ಯಾಡ, ಕೋಡಿ ಬಿದ್ದಾಗೆಲ್ಲ ನನ್ನೆಸ್ರೂ ಕೂಗ್ರಪ್ಪ" ಎಂದರಂತೆ. ಅಂದಿನಿಂದ ಕೋಡಿಪೂಜೆಯಲ್ಲಿ ಕೆರೆ ಕಟ್ಟಿದವರ ಹೆಸರು ಕೂಗುವಾಗ ಕೊನೆಗೆ "ತೂಬಿನ ಹುಸೇನಣ್ಣ" ಎಂದೂ ಕೂಗುತ್ತಿದ್ದರು. ನಿಮ್ಮ ಮಾವನವರೇ ಎಷ್ಟು ಸಲ ಕೂಗಿಲ್ಲ!

ಚೌಡಯ್ಯನನ್ನು ಕೇಳಿದೆ. "ಕಲ್ಲಲ್ಲಿ ಜಾಗ ಸಾಲ್ಲಿಲ್ಲ ಕಣಮ್ಮ" ಎಂದ. ಶಾಮಿಯಾನ ಕೊಟ್ಟವನ ಹೆಸರನ್ನು ಅಂಗೈಯಗಲ ಕೆತ್ತಿಸಿದ್ದಾನೆ, ಅದಕ್ಕೆ ಜಾಗ ಸಿಕ್ಕಿತು! ಹಾಗೆಂದು ಮುಖಕ್ಕೇ ಹೇಳಿದೆ.

"ತೂಬಿಡೋದು ಕೂಲಿ ಕೆಲ್ಸ. ಅದೆಂಗೆ ಚರಿತ್ರೆ ಆಯ್ತದೆ?" ಎಂದ.

"ಅಂಗಾರೆ ಆ ತೂಬು ಕಿತ್ತಾಕು. ನಿನ್ ಚರಿತ್ರೆ ಎಷ್ಟು ದಿನ ನಿಲ್ತದೋ ನೋಡೇಬುಡಾನ" ಎಂದೆ. ಮೀಸೆ ಕುಣಿಯಿತು, ಟವೆಲ್ಲು ಕೊಡವಿಕೊಂಡು ಹೊರಟೇಹೋದ.

ಮನೆಯಲ್ಲಿ ನಮ್ಮ ಯಜಮಾನರು ಹಬೀಬ್ ಸಾಬ್, "ಛೋಡ್ ದೇ ಅಫ್ಜಲ್, ಬಿಟ್ಬಿಡು. ನಾಳೆ ಅವನ ಹೊಲಕ್ಕೇ ಕೂಲಿಗೆ ಹೋಗ್ಬೇಕು" ಎಂದರು. ಹೋಗೋಣ, ಯಾರು ಬೇಡವೆಂದರು? ನಾಲಿಗೆಯನ್ನು ಮನೆಯಲ್ಲಿಟ್ಟು ಹೋಗು ಎಂದರೆ ಮಾತ್ರ ಈ ಜನ್ಮದಲ್ಲಿ ಆಗದು ಎಂದೆ.

ಮೊನ್ನೆ ಪೂಜೆಯಾಯಿತು. ಚೌಡಯ್ಯ ಮೈಕು ಹಿಡಿದು ಕಲ್ಲಿನಲ್ಲಿದ್ದ ಹೆಸರಷ್ಟನ್ನೇ ಕೂಗಿ ಮುಗಿಸಿದ. ನಾನು ಹೆಂಗಸರ ಸಾಲಿನಿಂದ ಎದ್ದು ಹೋಗಿ ಆ ಚರಿತ್ರೆಯ ಕಲ್ಲಿನ ಕಟ್ಟೆ ಹತ್ತಿ ನಿಂತೆ. ಮೈಕು ಯಾರಿಗೆ ಬೇಕು? "ತೂಬಿನ ಹುಸೇನಣ್ಣಾ!" ಎಂದು ಕೂಗಿದೆ. ಆಚೆ ದಡದ ಕುರಿಗಳು ತಲೆಯೆತ್ತಿದವು. ಯಾರೋ "ಇಳಿಯಮ್ಮೋ, ಜಾರಿಬಿದ್ದೀಯ" ಎಂದರು. ಇನ್ನೊಂದು ಸಲ ಕೂಗಿಯೇ ಇಳಿದೆ. ಇನ್ನು ಮುಂದೆ ಕೆರೆ ತುಂಬಿದಾಗೆಲ್ಲ ಕೂಗುವವಳೇ. ಅವರು ಕಲ್ಲಿನಲ್ಲಿ ಬರೆಯದಿದ್ದರೆ ಬೇಡ, ನನ್ನ ಗಂಟಲೇನೂ ಬಿದ್ದುಹೋಗಿಲ್ಲ.

ಕೂಸಿಗೆ ನನ್ನ ದುವಾ. ನೂರು ವರ್ಷ ಬಾಳಲಿ, ನಮ್ಮಿಬ್ಬರ ಹಾಗೆ ಗಟ್ಟಿ ಬಾಯಿ ಬರಲಿ. ಸಂಜೆ ಮರೆಯದೆ ದೃಷ್ಟಿ ತೆಗೆ.

ನಿನ್ನವಳೇ ಆದ
ಅಫ್ಜಲು

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೆ. ಹೆಸರು ಕೂಗಿದಾಗ ಸತ್ತವರ ಪರವಾಗಿ ಊರವರೆಲ್ಲ "ಓ" ಎನ್ನುತ್ತಾರಲ್ಲ, ನಾನು ಕೂಗಿದಾಗ ಒಬ್ಬರೂ ಅನ್ನಲಿಲ್ಲ. ಎರಡನೆಯ ಸಲ ಕೂಗಿದ್ದು ಯೋಗೀಶನನ್ನು ನೋಡಿಕೊಂಡು. ನಿನಗೆ ಟೈಫಾಯಿಡ್ ಆಗಿದ್ದಾಗ ನನ್ನ ಎದೆಹಾಲು ಕುಡಿದ ಮಗು, ಅವನಾದರೂ ಅಂದಾನು ಎಂದುಕೊಂಡೆ. ತಲೆ ತಗ್ಗಿಸಿ ಮೊಬೈಲು ಒರೆಸುತ್ತ ನಿಂತ. ಅವನನ್ನು ಬೈಯಬೇಡ. ಮುಂದಿನ ಕೋಡಿಗೆ ನೀನೇ ಬಂದುಬಿಡು. ನಾನು ಕೂಗುತ್ತೇನೆ, ನೀನು ಓ ಅನ್ನು.