ಸೂಜಿ ಚುಚ್ಚುವ ಮೊದಲು

ಡಾಕ್ಟರ್ ಸಾಹೇಬರಿಗೆ ನಮಸ್ಕಾರ.

ಮೂರನೇ ಬೆಡ್ಡಿನಲ್ಲಿರೋ ಪೇಂಟರ್ ನನ್ನ ಅಣ್ಣ. ಅತ್ತಿಗೆ ನಿಮ್ಮ ಪಕ್ಕದಲ್ಲೇ ನಿಂತಿದ್ದಾರೆ, ಅವರೆದುರು ಹೇಳೋಕೆ ನನಗೆ ಬಾಯಿ ಬರಲಿಲ್ಲ. ಅದಕ್ಕೇ ನರ್ಸಮ್ಮನ ಕೈಲಿ ಈ ಚೀಟಿ ಕಳಿಸ್ತಿದ್ದೀನಿ. ಸೂಜಿ ಚುಚ್ಚುವ ಮೊದಲೇ ಓದಿ, ದಯವಿಟ್ಟು.

ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದೆ, ಬಿಪಿ ಇಳೀತಿದೆ, ಕರಗಿಸೋ ಔಷಧಿ ಕೊಡ್ತೀವಿ ಅಂದ್ರಿ. ಇತ್ತೀಚೆಗೆ ತಲೆಗೆ ಏಟು ಬಿದ್ದಿದ್ರೆ ಆ ಔಷಧಿಯಿಂದ ಮೆದುಳಲ್ಲಿ ರಕ್ತ ಸೋರಬಹುದು, ಬಿದ್ದಿತ್ತಾ ಅಂತ ಕೇಳಿದ್ರಿ. ಅತ್ತಿಗೆ ಇಲ್ಲ ಅಂದ್ರು. ಅವರು ಸುಳ್ಳು ಹೇಳಲಿಲ್ಲ, ಅವರಿಗೆ ಗೊತ್ತಿಲ್ಲ. ಆಕ್ಸಿಜನ್ ಮಾಸ್ಕಿನ ಮೇಲಿಂದ ಅಣ್ಣ ನನ್ನನ್ನೇ ನೋಡಿ, ಹೇಳಬೇಡ ಅಂತ ಕಣ್ಸನ್ನೆ ಮಾಡಿದ.

ಒಂಬತ್ತು ದಿನದ ಹಿಂದೆ ಅವನು ಏಣಿಯಿಂದ ಬಿದ್ದ. ಏಣಿ ಹತ್ತಲ್ಲ ಅಂತ ಅತ್ತಿಗೆ ಆಣೆ ಹಾಕಿಸಿಕೊಂಡಿದ್ರು. ಹಾಗಾಗಿ ಮೆಟ್ಟಿಲಲ್ಲಿ ಜಾರಿ ಕಾಲು ಮುರೀತು ಅಂತ ಅಣ್ಣ, ನಾನು ಇಬ್ಬರೂ ಅವರಿಗೆ ಹೇಳಿದ್ವಿ. ತಲೆಯೂ ನೆಲಕ್ಕೆ ಬಡಿದಿತ್ತು. ಎರಡು ನಿಮಿಷ ಎಚ್ಚರ ಇರಲಿಲ್ಲ, ಆಮೇಲೆ ವಾಂತಿ ಮಾಡಿದ. ಅವತ್ತಿನಿಂದ ಕೆಲಸದ ಟೋಪಿ ತಲೆಯಿಂದ ಇಳಿದಿಲ್ಲ. "ನಿನ್ನ ಗಂಡ ಬೋಳಾಗ್ತಿದ್ದಾನೆ ಕಣೇ, ನಾಚಿಕೆ" ಅಂತ ಅತ್ತಿಗೆಯನ್ನ ನಗಿಸಿದ್ದ. ಆ ಟೋಪಿ ತೆಗೆದು ಬಲಗಿವಿ ಹಿಂದೆ ನೋಡಿ.

ಆ ಔಷಧಿ ಬದಲು ತೊಡೆಯಿಂದ ನಳಿಕೆ ಹಾಕಿ ಹೆಪ್ಪು ಎಳೆಯೋದು, ಆಗದಿದ್ರೆ ಎದೆ ತೆರೆಯೋದು ಅಂದಿದ್ರಲ್ಲ, ಯಾವುದು ಸರಿಯೋ ಬೇಗ ನೋಡಿ. ಸಹಿ ಬೇಕಾದ್ರೆ ಬಾಗಿಲಲ್ಲೇ ಇದ್ದೀನಿ.

ಅಣ್ಣ ಕಣ್ಸನ್ನೆ ಮಾಡಿದ್ದು ಅತ್ತಿಗೆಗೆ ಹೆದರಿ ಅಲ್ಲ. ಅವತ್ತು ಏಣಿ ಹಿಡಿದಿದ್ದವನು ನಾನು. ಫೋನ್ ಬಂತು ಅಂತ ಕೈ ಬಿಟ್ಟೆ.

ಇಂತಿ,
ಪೇಂಟರ್‌ನ ತಮ್ಮ