ಚಿತ್ರಶಾಲೆಯ ಸೂರು

ಚನ್ನಪಟ್ಟಣ
೧೪ ಮೇ ೨೦೦೬

ಪೂಜ್ಯ ಅಪ್ಪನವರಿಗೆ, ಭಾನುಪ್ರಿಯಳ ನಮಸ್ಕಾರಗಳು.

ಊರವರ ಚಿತ್ರಶಾಲೆಯ ಹಳೆಯ ಸೂರು ಈ ಮಳೆಗಾಲ ತಡೆಯುವುದಿಲ್ಲ. ದುರಸ್ತಿಯ ಹಣ ಕೊಡಲು ನೀವು ಕಾರ್ಖಾನೆಯವರನ್ನು ಒಪ್ಪಿಸಿದ್ದಕ್ಕೆ, ಸಮಿತಿಯ ಕಾರ್ಯದರ್ಶಿಯಾಗಿ ನಾನು ಕೃತಜ್ಞಳು. ಆದರೆ ಚನ್ನಯ್ಯ ಮೇಷ್ಟರು ಬರೆದ ಒಂದು ಚಿತ್ರವನ್ನು ಗೋಡೆಯಿಂದ ತೆಗೆಯಬೇಕೆಂಬುದು ಕಾರ್ಖಾನೆಯವರ ಷರತ್ತು. ಕಾರ್ಖಾನೆ ಎದ್ದ ಜಾಗ ಹಿಂದೆ ಹೊಲವಾಗಿತ್ತೆಂದು ಅದು ಅತಿಥಿಗಳಿಗೆ ನೆನಪಿಸುತ್ತದಂತೆ.

"ಒಂದ್ ಪಟ ಇಳ್ಸುದ್ರೆ ಸೂರು ನಿಲ್ತದೆ. ರ‍್ಯಾಂಕ್ ಬಂದೋಳಿಗೆ ಅಷ್ಟೂ ತಿಳಿಯಾಕಿಲ್ವೇನವ್ವ?" ಎಂದು ನೀವು ಫೋನಿನಲ್ಲಿ ನಕ್ಕಿರಿ. ನನ್ನ ಉತ್ತರ ಫೋನಿನಲ್ಲಿ ಹೇಳುವಂಥದ್ದಾಗಿರಲಿಲ್ಲ.

ಆ ಚಿತ್ರವನ್ನು ನೀವು ನೋಡಿಲ್ಲ, ಅಪ್ಪ. ಅದು ನಾವು ಮಾರಿದ ರಾಗಿಹೊಲ. ನೇಗಿಲು ಹಿಡಿದಿರುವವರು ನೀವೇ. ಇದೇ ೨೨ರ ಸೋಮವಾರ ಸಮಿತಿ ತೀರ್ಮಾನಿಸುವ ಮೊದಲು ದಯವಿಟ್ಟು ಒಮ್ಮೆ ಬನ್ನಿ. ನೋಡಿದ ಮೇಲೂ ಇಳಿಸಬೇಕೆನಿಸಿದರೆ, ನಿಮ್ಮ ಕೈಯಿಂದಲೇ ಇಳಿಸಿ. ಏಣಿ ನಾನು ಹಿಡಿಯುತ್ತೇನೆ.

ನಿಮ್ಮ ಮಗಳು,
ಭಾನುಪ್ರಿಯ